ಡೆಫ್ (ಡೀಸೆಲ್ ಗಾಡಿ ಹೊಗಿ ಶುದ್ಧ ಮಾಡೋ ದ್ರವ) ಬದಲು ಗೊಬ್ಬರದ ಯೂರಿಯಾ ಕಲಸಿ ಹಾಕ್ಯಾರ, ಈಗೇನು ಮಾಡೋದು?

ಬ್ಯಾಡಗಿ ಲೋಡ್:
ಬಿಎಸ್-6 (ಹೊಸ ಹೊಗಿ ನಿಯಮದ) ಲಾರಿ, ಬ್ಯಾಡಗಿಯಿಂದ ಹುಬ್ಬಳ್ಳಿಗೆ ಮೆಣಸಿನಕಾಯಿ ಬಾಡಿಗಿ. ಡ್ರೈವರ್ ಚೀಲದ ಯೂರಿಯಾನ ಬೋರ್ ನೀರಾಗ ಕರಗಿಸಿ ಡೆಫ್ ಟ್ಯಾಂಕಿಗೆ ಹಾಕ್ಯಾನ. ದೀಪ ಹತ್ತೈತಿ, ಏರಿನಾಗ ಎಳಿಯಂಗಿಲ್ಲ. ಖಾಲಿ ಮಾಡಿ ಒಳ್ಳೇ ಡೆಫ್ ತುಂಬಿದ್ರ ಸಾಕೇನ್ರಿ? ಇಲ್ಲಾ ಆ ಡೆಫ್ ಸಿಸ್ಟಮ್ಮನ್ನೇ ಬಂದ್ ಮಾಡಿಸಿಬಿಡ್ಲಾ?

ಗಬ್ಬೂರ ಬೈಪಾಸ್:
ತುಂಬಿದ್ರ ಸಾಲೂದಿಲ್ಲ. ಗಾಡಿ ಓಡಿಸಬ್ಯಾಡ್ರಿ, ಓಡಿಸಿದಷ್ಟು ಕ್ಯಾಟಲಿಸ್ಟ್ (ಸೈಲೆನ್ಸರಿನಾಗ ಹೊಗಿ ಶುದ್ಧ ಮಾಡೋ ಭಾಗ) ಹಾಳು.

ಡೆಫ್ ಅಂದ್ರ 32.5% ಶುದ್ಧ ಯೂರಿಯಾ, ಉಳಿದದ್ದು ಲವಣ ತೆಗೆದ ನೀರು. ಗೊಬ್ಬರದ ಯೂರಿಯಾಕ್ಕ ಬೇವಿನೆಣ್ಣಿ ಸವರಿರ್ತಾರ, ಬೈಯುರೆಟ್ ಅನ್ನೋ ಕಲ್ಮಶನೂ ಜಾಸ್ತಿ. ನಮ್ಮ ಕಡೆ ಬೋರ್ ನೀರಿನ ಸವಳು ಗೊತ್ತೇ ಐತಲ್ಲ, ಆ ಕ್ಯಾಲ್ಸಿಯಂ ಇಂಜೆಕ್ಟರ್ ತೂತಿನಾಗ ಕಲ್ಲಾಗಿ ಕೂಡ್ತೈತಿ. ಸಿಂಪಡಣಿ ಕೆಟ್ರ ಹೊಗಿ ಶುದ್ಧ ಮಾಡೋ ಅಮೋನಿಯಾ ಸರಿಯಾಗಿ ಆಗೂದಿಲ್ಲ, ನೈಟ್ರೋಜನ್ ಆಕ್ಸೈಡ್ ಅನ್ನೋ ವಿಷದ ಹೊಗಿ ಹಂಗೇ ಸೈಲೆನ್ಸರಿನಿಂದ ಹೊರಗ ಹೋಗ್ತೈತಿ. ಸೆನ್ಸರ್ ಅದನ್ನ ಹಿಡಿದ ಕೂಡ್ಲೇ ಇಸಿಯು (ಇಂಜಿನ್ ಕಂಪ್ಯೂಟರ್) ಪವರ್ ಇಳಸ್ತೈತಿ. ನಿಮಗ ಏರಿನಾಗ ಆಗಿದ್ದು ಅದೇ.

ಟ್ಯಾಂಕ್ ಬಿಚ್ಚಿ ಪೂರ್ತಿ ಖಾಲಿ ಮಾಡ್ರಿ. ಡಿಸ್ಟಿಲ್ಡ್ ನೀರಿನಾಗ ಮೂರು ಸಲ ಜಾಲಾಡಸ್ರಿ, ಕಡೀಗೆ ಒಂದು ಲೀಟರ್ ಹೊಸ ಡೆಫ್ ಹಾಕಿ ಅಲ್ಲಾಡಿಸಿ ಅದನ್ನೂ ಚೆಲ್ರಿ. ಪಂಪಿನ ಫಿಲ್ಟರ್ ಹೊಸದು ಹಾಕ್ರಿ, ಟ್ಯಾಂಕಿನೊಳಗಿನ ಜಾಳಿಗಿ ತೊಳೀರಿ. ಇಂಜೆಕ್ಟರ್ ಬಿಚ್ಚಿದ್ರ ಯೂರಿಯಾದ ಬಿಳಿ ಹರಳು ಕಾಣ್ತಾವ. ಉಗುರುಬೆಚ್ಚಗಿನ ಡಿಸ್ಟಿಲ್ಡ್ ನೀರಾಗ ನೆನಿಹಾಕಿದ್ರ ಕರಗ್ತಾವ. ಪಿನ್ನು, ತಂತಿ ಚುಚ್ಚಬ್ಯಾಡ್ರಿ. ಸ್ಕ್ಯಾನರ್ ಹಚ್ಚಿ ಡೋಸಿಂಗ್ ಟೆಸ್ಟ್ (ಇಂಜೆಕ್ಟರ್ ಎಷ್ಟು ಡೆಫ್ ಸಿಂಪಡಸ್ತೈತಿ ಅನ್ನೋ ಪರೀಕ್ಷೆ) ಮಾಡಿಸ್ರಿ, ಅಳತಿ ಜಾರಿನಾಗ ಎಷ್ಟು ಬಿತ್ತು ಅಂತ ಮ್ಯಾನುವಲ್ ಜೋಡಿ ತಾಳಿ ನೋಡ್ರಿ. ಹರಳು ಕರಗ್ತಾವ, ಕ್ಯಾಟಲಿಸ್ಟಿಗೆ ಹತ್ತಿದ ಕ್ಯಾಲ್ಸಿಯಂ ಮಾತ್ರ ತೊಳೆದ್ರ ಹೋಗೂದಿಲ್ಲ.

ಸೆಕೆಂಡ್ ಗೇರ್:
ಬಂದ್ ಮಾಡಿಸೋ ಮಾತು ಬಿಡ್ರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ (ಗಾಡಿ ಮಾರ್ಪಾಡಿನ ನಿಯಮ) ಸಿಗ್ತೀರಿ. ಕೆಲವು ಗಾಡಿಗಳಾಗ ಇಂಜೆಕ್ಟರ್ ತಂಪಾಗಿರೋದೇ ಡೆಫ್ ಹರಿವಿನಿಂದ, ನಿಲ್ಲಿಸಿದ್ರ ತುದಿ ಸುಟ್ಟು ಹೋಗ್ತೈತಿ. ಉಳಿಯೋದಾದ್ರೂ ಏನು? 100 ಲೀಟರ್ ಡೀಸೆಲ್ಲಿಗೆ 3ರಿಂದ 5 ಲೀಟರ್ ಡೆಫ್, ಅಷ್ಟ.

ಬ್ಯಾಡಗಿ ಲೋಡ್:
ತೊಳಸ್ತೀನ್ರಿ. ರಿಫ್ರಾಕ್ಟೋಮೀಟರ್ (ಯೂರಿಯಾ ಎಷ್ಟೈತಿ ಅಂತ ಅಳಿಯೋ ಉಪಕರಣ) ಇಟ್ಕೊಂಡ್ರ ಮುಂದ ನಕಲಿ ಡೆಫ್ ಗೊತ್ತಾಗ್ತೈತೇನು?

ಗಬ್ಬೂರ ಬೈಪಾಸ್:
ಅರ್ಧ ಮಾತ್ರ. ನೀರು ಬೆರೆಸಿದ್ರ ತೋರಸ್ತೈತಿ. ಗೊಬ್ಬರದ ಯೂರಿಯಾನ ಯಾರರ ಸರಿಯಾಗಿ ತೂಗಿ ಕಲಸಿದ್ರ ಅದೂ 32.5 ಅಂತನ ತೋರಸ್ತೈತಿ! ಸೀಲ್ ಇದ್ದ ಕ್ಯಾನ್, ಐಎಸ್‌ಒ 22241 (ಡೆಫ್ ಗುಣಮಟ್ಟದ ಮಾನದಂಡ) ಬರಹ, ತಾರೀಖು ನೋಡಿ ತಗೋರಿ. ಬ್ಯಾಸಗ್ಯಾಗ ಕ್ಯಾನ್ ಲಾರಿ ಮ್ಯಾಲ ಬಿಸಿಲಿಗೆ ಇಡಬ್ಯಾಡ್ರಿ, 30 ಡಿಗ್ರಿ ಒಳಗಿದ್ರ ಚಲೋ. ಡೀಸೆಲ್ ಹಾಕೋ ಆಲಿಕೆ ಇದಕ್ಕ ಬ್ಯಾಡ, ಹಿತ್ತಾಳಿ, ಜಿಐ (ಸತುವು ಲೇಪಿಸಿದ ಕಬ್ಬಿಣ) ಡಬ್ಬಿ ಅಂತೂ ಬ್ಯಾಡೇ ಬ್ಯಾಡ.