ಜರ್ಮನಿಯಲ್ಲಿ ರೆನೋ 4 ಇ-ಟೆಕ್ ತಗೊಳ್ಳೋದಾ, ಕಿಯಾ ಇವಿ3 ತಗೊಳ್ಳೋದಾ?

ಪ್ರಶ್ನೆ: ಎರಡೂ ಎಲೆಕ್ಟ್ರಿಕ್ ಕಾರು. ದಿನಕ್ಕೆ 50 ಕಿ.ಮೀ. ಓಡಾಟ, ಆಗಾಗ ಸ್ಟುಟ್‌ಗಾರ್ಟ್‌ನಿಂದ ಮ್ಯೂನಿಕ್‌ಗೆ. ರೆನೋದ 52 ಕಿಲೋವ್ಯಾಟ್ ಅವರ್ ಬ್ಯಾಟರಿ ಸಾಕಾ, ಇಲ್ಲ ಕಿಯಾದ 58.3 ಬೇಕಾ?

ಉತ್ತರ 1: ಒಂದು ಚಾರ್ಜ್‌ಗೆ ಕಂಪನಿ ಹೇಳೋ 400 ಚಿಲ್ಲರೆ ಕಿ.ಮೀ. ಮರೆತುಬಿಡಿ. ಚಳಿಗಾಲದಲ್ಲಿ ಆಟೋಬಾನ್ (ಜರ್ಮನಿಯ ಹೆದ್ದಾರಿ) ಮೇಲೆ 120–130ರಲ್ಲಿ ಹೋದರೆ 100 ಕಿ.ಮೀ.ಗೆ ಸುಮಾರು 24 ಯೂನಿಟ್ (ಕಿಲೋವ್ಯಾಟ್ ಅವರ್) ಹಿಡಿಯಿರಿ. ಫುಲ್‌ನಿಂದ 10%ವರೆಗೆ ರೆನೋ 195, ಕಿಯಾ 218 ಕಿ.ಮೀ. ನಿಮ್ಮ ದಾರಿ 230ರ ಹತ್ತಿರ, ಜೊತೆಗೆ ಎ8 ಹೆದ್ದಾರಿಯಲ್ಲಿ ಉಲ್ಮ್‌ಗೆ ಮುಂಚಿನ ಘಾಟ್ ಬೇರೆ. ಎರಡರಲ್ಲೂ ಒಂದು ಸಲ ನಿಲ್ಲಿಸಲೇಬೇಕು. ಆ 6 ಯೂನಿಟ್‌ಗೋಸ್ಕರ ಹೆಚ್ಚು ದುಡ್ಡು ಸುರಿಯೋದು ದಂಡ. ನಿಲ್ಲಿಸದೆ ಹೋಗಬೇಕಂದ್ರೆ ಕಿಯಾದ 81.4ರ ದೊಡ್ಡ ಬ್ಯಾಟರಿ ತಗೊಳ್ಳಿ.

ಉತ್ತರ 2: ಹೀಟ್ ಪಂಪ್ (ಕಡಿಮೆ ಕರೆಂಟಲ್ಲಿ ಕಾರನ್ನು ಬೆಚ್ಚಗಿಡೋ ಸಾಧನ) ವಿಚಾರಿಸಿ ಸಾರ್. ರೆನೋದಲ್ಲಿ ಜೊತೆಗೇ ಬರುತ್ತೆ, ಇವಿ3ಯ ಎಷ್ಟೋ ಮಾಡೆಲ್‌ಗಳಲ್ಲಿ ಎಕ್ಸ್‌ಟ್ರಾ. ಇನ್ನೊಂದು, ದಾರಿಯಲ್ಲಿ ನಿಲ್ಲೋ ಚಾರ್ಜಿಂಗ್ ಸ್ಟೇಷನ್ ಹೆಸರನ್ನು ಕಾರಿನ ನ್ಯಾವಿಗೇಶನ್‌ನಲ್ಲೇ ಹಾಕಿ. ಫೋನ್ ನೋಡಿಕೊಂಡು ಹೋದರೆ ಅಲ್ಲಿಗೆ ತಲುಪೋ ಮೊದಲೇ ಬ್ಯಾಟರಿ ಬಿಸಿಯಾಗಲ್ಲ, ಚಳಿಯಲ್ಲಿ ಅರ್ಧ ಗಂಟೆಯ ಚಾರ್ಜ್ ಮುಕ್ಕಾಲು ಗಂಟೆ ದಾಟಬಹುದು.

ಉತ್ತರ 3: ಮನೇಲಿ ಮಾಮೂಲಿ ಸಾಕೆಟ್ ಆದ್ರೆ 10 ಆಂಪಿಯರ್‌ಗೇ ಇಟ್ಟುಕೊಳ್ಳಿ, ಅಂದ್ರೆ 2.3 ಕಿಲೋವ್ಯಾಟ್. ನಿಮ್ಮ 50 ಕಿ.ಮೀ.ಗೆ ರಾತ್ರಿಯಿಡೀ ಸಾಕು. ಪ್ಲಗ್ ಮುಟ್ಟಿದಾಗ ಸುಟ್ಟರೆ ಅಲ್ಲಿಗೇ ನಿಲ್ಲಿಸಿ, ವೈರಿಂಗ್ ತೋರಿಸಿ.