ಕಾಗೆಯ ಮಿದುಳಿನಲ್ಲಿ ‘ನಿಯಮ’ದ ನರಕೋಶ: ಖಾತ್ರಿ ಮಾಡಿಕೊಂಡದ್ದು ಹೇಗೆ?

ಪ್ರಶ್ನೆ
ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಲೇನಾ ಫೈಟ್ ಮತ್ತು ಆಂಡ್ರಿಯಾಸ್ ನೀಡರ್ 2013ರಲ್ಲಿ ಪ್ರಕಟಿಸಿದ ಕೆಲಸದ ಬಗ್ಗೆ ಕೇಳ್ತಿದ್ದೀನಿ. ಕಾಗೆಗಳಿಗೆ ‘ಅದೇ’, ‘ಬೇರೆ’ ಅನ್ನೋ ಎರಡು ನಿಯಮ ಕಲಿಸಿ, ನಿಯಮಕ್ಕೆ ಸ್ಪಂದಿಸುವ ನರಕೋಶಗಳು ಅವುಗಳ ಮಿದುಳಿನಲ್ಲಿ ಸಿಕ್ಕವು ಅಂತ ಅವರು ಹೇಳಿದ್ದರು. ಆ ಕೋಶಗಳು ಸ್ಪಂದಿಸಿದ್ದು ನಿಯಮಕ್ಕೇ, ಕಣ್ಣಿಗೆ ಬಿದ್ದ ಬಣ್ಣಕ್ಕೋ ಚಿತ್ರಕ್ಕೋ ಅಲ್ಲ ಅಂತ ಹೇಗೆ ಹೇಳ್ತಾರೆ? ಕಾಗೆ ಎಲ್ಲವನ್ನೂ ಬಾಯಿಪಾಠ ಮಾಡಿರಬಹುದಲ್ವಾ?

ಉತ್ತರ 1
ಗುಟ್ಟು ಇರೋದು ಸಂಕೇತದಲ್ಲಿ. ಒಂದು ಸುತ್ತು ನಡೆಯೋದು ಹೀಗೆ: ಟಚ್‌ಸ್ಕ್ರೀನ್ ಮೇಲೆ ಒಂದು ಚಿತ್ರ ಮೂಡಿ ಮರೆಯಾಗುತ್ತೆ. ಸ್ವಲ್ಪ ಹೊತ್ತು ಏನೂ ಇರಲ್ಲ. ಆಮೇಲೆ ನಿಯಮದ ಸಂಕೇತ, ಮತ್ತೆ ಖಾಲಿ ಹೊತ್ತು, ಕೊನೆಗೆ ಎರಡು ಚಿತ್ರ ಒಟ್ಟಿಗೆ. ನಿಯಮ ‘ಅದೇ’ ಆದರೆ ಮೊದಲು ನೋಡಿದ್ದನ್ನೇ ಕುಕ್ಕಬೇಕು, ‘ಬೇರೆ’ ಆದರೆ ಇನ್ನೊಂದನ್ನು.

ಪ್ರತಿ ನಿಯಮಕ್ಕೂ ಎರಡು ಸಂಕೇತ ಇಟ್ಟಿದ್ದರು: ಒಂದು ಕಣ್ಣಿಗೆ, ಒಂದು ಕಿವಿಗೆ. ಬಣ್ಣಕ್ಕಷ್ಟೇ ಸ್ಪಂದಿಸುವ ಕೋಶ ಸದ್ದು ಕೇಳಿದಾಗ ಸುಮ್ಮನಿರಬೇಕು. ಆದರೆ ಕೆಲವು ಕೋಶಗಳು ಬಣ್ಣ ಬಂದರೂ ಸದ್ದು ಬಂದರೂ ‘ಅದೇ’ ನಿಯಮವಿದ್ದಾಗಲೇ ಚುರುಕಾದವು, ಇನ್ನು ಕೆಲವು ‘ಬೇರೆ’ ನಿಯಮವಿದ್ದಾಗ. ಮೊದಲ ಚಿತ್ರ ಯಾವುದಿದ್ದರೂ ಈ ವ್ಯತ್ಯಾಸ ಉಳಿಯಿತು. ನಿಯಮಕ್ಕೊಂದೇ ಸಂಕೇತ ಇಟ್ಟಿದ್ದರೆ ಕೋಶ ನೋಡ್ತಿರೋದು ನಿಯಮವನ್ನೋ ಬಣ್ಣವನ್ನೋ ಬೇರ್ಪಡಿಸೋಕೆ ದಾರಿಯೇ ಇರ್ತಿರಲಿಲ್ಲ.

ಇನ್ನೊಂದು ಅಂಶ: ಸಂಕೇತದ ನಂತರ ಕಾಯುವಾಗ, ಸರಿ ಚಿತ್ರ ಯಾವ ಕಡೆ ಬರುತ್ತೆ ಅಂತ ಕಾಗೆಗೆ ಗೊತ್ತಿರಲ್ಲ. ಹಾಗಾಗಿ ಆಗ ಕಾಣುವ ಚಟುವಟಿಕೆ ಕೊಕ್ಕು ಚಾಚುವ ಸಿದ್ಧತೆಯೂ ಅಲ್ಲ.

ಉತ್ತರ 2
ಬಾಯಿಪಾಠದ ಅನುಮಾನಕ್ಕೆ: ಹೊಸ ಚಿತ್ರ ಕೊಟ್ಟಾಗಲೂ ಕಾಗೆಗಳು ನಿಯಮ ಬಿಡಲಿಲ್ಲ. ನನಗೆ ಅದಕ್ಕಿಂತ ಗಟ್ಟಿ ಸಾಕ್ಷಿ ಅನ್ನಿಸೋದು ತಪ್ಪಿದ ಸುತ್ತುಗಳು. ಕಾಗೆ ತಪ್ಪು ಚಿತ್ರ ಕುಕ್ಕಿದ ಸುತ್ತುಗಳಲ್ಲಿ ಇವೇ ಕೋಶಗಳು ಎರಡು ನಿಯಮಗಳ ನಡುವೆ ತೋರುವ ವ್ಯತ್ಯಾಸ ಮಸುಕಾಗಿತ್ತು. ಸಂಕೇತವೇನೋ ಕಂಡಿತ್ತು ಅಥವಾ ಕೇಳಿತ್ತು. ನಿಯಮವಾಗಿ ಮಾತ್ರ ನಿಲ್ಲಲಿಲ್ಲ.

ಈ ಕೋಶಗಳು ಸಿಕ್ಕ ಜಾಗದ ಹೆಸರು ನಿಡೋಪ್ಯಾಲಿಯಂ ಕಾಡೊಲ್ಯಾಟರಾಲೆ, ಮುಮ್ಮಿದುಳಿನ ಹಿಂಬದಿಯ ಪಕ್ಕದಲ್ಲಿದೆ. ಎಲ್ಲ ಇಂದ್ರಿಯಗಳ ಸುದ್ದಿ ಅಲ್ಲಿ ಕೂಡುತ್ತೆ, ಡೋಪಮೀನ್ ಅನ್ನೋ ಸಂದೇಶವಾಹಕ ರಾಸಾಯನಿಕದ ನರತಂತುಗಳು ದಟ್ಟವಾಗಿವೆ. ಸಸ್ತನಿಗಳ ಹಣೆಯ ಹಿಂದಿನ ಮಿದುಳ ತೊಗಟೆಯಂತೆ (ಮಿದುಳಿನ ಹೊರಪದರ) ಆರು ಪದರ ಇಲ್ಲ, ಆದರೂ ಕೆಲಸ ಅದರದ್ದೇ. ಮಂಗಗಳಲ್ಲಿ ಇಂಥ ಕೋಶಗಳು 2001ರಲ್ಲೇ ಸಿಕ್ಕಿದ್ದವು. ಹಕ್ಕಿ ಮತ್ತು ಸಸ್ತನಿಗಳ ದಾರಿ ಕವಲೊಡೆದು 30 ಕೋಟಿ ವರ್ಷಕ್ಕೂ ಹೆಚ್ಚಾಯ್ತು. ಒಂದೇ ಲೆಕ್ಕವನ್ನು ಎರಡು ಬೇರೆ ರಚನೆಯ ಮಿದುಳುಗಳು ಬಿಡಿಸಿವೆ.

ಉತ್ತರ 3
ಒಂದು ಎಚ್ಚರ. ಎಲೆಕ್ಟ್ರೋಡ್ (ಕೋಶದ ವಿದ್ಯುತ್ ಚಟುವಟಿಕೆ ಅಳೆಯುವ ಸಣ್ಣ ತಂತಿ) ಹೇಳೋದು ಕೋಶ ನಿಯಮದ ಜೊತೆ ಏರಿಳೀತಿದೆ ಅಂತ ಅಷ್ಟೇ. ಆ ಕೋಶ ಇಲ್ಲದಿದ್ದರೆ ಕಾಗೆ ನಿಯಮ ಮರೆಯುತ್ತೆ ಅನ್ನೋಕೆ ಆ ಭಾಗವನ್ನು ತಾತ್ಕಾಲಿಕವಾಗಿ ಸುಮ್ಮನಾಗಿಸಿ ನೋಡಬೇಕು. ಮತ್ತೆ, ಇದು ಯುರೋಪಿನ ಕಪ್ಪು ಕಾಗೆ, ಕಾರ್ವಸ್ ಕೊರೋನೆ. ನಮ್ಮ ಊರಿನ ಬೂದುಗತ್ತಿನ ಕಾಗೆ ಅದೇ ಕುಲದ ಬೇರೆ ಜಾತಿ, ಕಾರ್ವಸ್ ಸ್ಪ್ಲೆಂಡೆನ್ಸ್.