ಕರಿಮೆಣಸಿನ ಕ್ಯಾರಿಯೋಫಿಲೀನ್, ಗಾಂಜಾದ ಕ್ಯಾರಿಯೋಫಿಲೀನ್: ಎರಡೂ ಒಂದೇನಾ?

ಮೆಣಸಿನಬಳ್ಳಿ:
ಹೆಂಪ್ (ಅಮಲಿನಂಶ ತೀರಾ ಕಡಿಮೆ ಇರುವ ಗಾಂಜಾ ತಳಿ) ಸಾರದ ಲ್ಯಾಬ್ ರಿಪೋರ್ಟ್ ಒಂದರಲ್ಲಿ ಟರ್ಪೀನ್‌ಗಳ, ಅಂದರೆ ಗಿಡದ ವಾಸನೆಯ ವಸ್ತುಗಳ, ಪಟ್ಟಿ ಇದೆ. ಮಿರ್ಸೀನ್, ಲಿಮೊನೀನ್ ಗೊತ್ತು. ಬೀಟಾ-ಕ್ಯಾರಿಯೋಫಿಲೀನ್ 0.31%, ಅದರ ಕೆಳಗೇ ಕ್ಯಾರಿಯೋಫಿಲೀನ್ ಆಕ್ಸೈಡ್ 0.24% ಅಂತಿದೆ. ಕರಿಮೆಣಸಿನಲ್ಲಿ ಇರುವುದೂ ಇದೇನಾ? ಅಮಲು ಬರುತ್ತಾ? ಮೂತ್ರ ಪರೀಕ್ಷೆಯಲ್ಲಿ ಪಾಸಿಟಿವ್ ತೋರಿಸುತ್ತಾ? ಕ್ಯಾರಿಯೋಫಿಲೀನ್‌ನ ಕುದಿಬಿಂದು ಒಂದು ಚಾರ್ಟ್‌ನಲ್ಲಿ 130 ಡಿಗ್ರಿ, ಇನ್ನೊಂದು ಕಡೆ 260ರ ಮೇಲೆ ಅಂತಿದೆ. ಯಾವುದು ಸರಿ?

ಬಟ್ಟಿಪಾತ್ರೆ:
ಅದೇ ಅಣು, ಒಂದಿಷ್ಟೂ ವ್ಯತ್ಯಾಸವಿಲ್ಲ. 15 ಇಂಗಾಲ, 24 ಜಲಜನಕ. ಲವಂಗದೆಣ್ಣೆಯಲ್ಲೂ ಇದೆ.

ಅಮಲು ಬರುವುದಿಲ್ಲ. ಗಾಂಜಾದ ಅಮಲಿನ ವಸ್ತು ಟಿಎಚ್‌ಸಿ ಅಮಲೇರಿಸುವುದು ಮಿದುಳಿನ ಸಿಬಿ1 ಗ್ರಾಹಕದ (ಕೋಶದ ಮೇಲೆ ಇಂಥ ಅಣುಗಳು ಅಂಟುವ ಜಾಗ) ಮೂಲಕ. ಕ್ಯಾರಿಯೋಫಿಲೀನ್ ಅದನ್ನು ಮುಟ್ಟದೆ, ಹೆಚ್ಚಾಗಿ ರೋಗನಿರೋಧಕ ಕೋಶಗಳ ಮೇಲಿರುವ ಸಿಬಿ2ಗೆ ಅಂಟಿಕೊಳ್ಳುತ್ತದೆ. ಇದನ್ನು 2008ರಲ್ಲಿ ಸಂಶೋಧಕ ಯೂರ್ಗ್ ಗೆರ್ಟ್ಶ್ ತಂಡ ತೋರಿಸಿತು. ಇಲಿಗಳಿಗೆ ಕೆಜಿಗೆ 5 ಮಿಗ್ರಾಂ ಬಾಯಿಯ ಮೂಲಕ ಕೊಟ್ಟಾಗ ಪಾದದ ಊತ ಇಳಿಯಿತು. ಸಿಬಿ2 ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಇಳಿಯಲಿಲ್ಲ. ನನ್ನ ಪ್ರಕಾರ ಈ ಎರಡನೆಯ ಫಲಿತಾಂಶದಲ್ಲೇ ನಿಜವಾದ ತೂಕ ಇರುವುದು.

ಮೂತ್ರ ಪರೀಕ್ಷೆ ಹುಡುಕುವುದು ಟಿಎಚ್‌ಸಿ ಒಡೆದು ಆಗುವ ವಸ್ತುವನ್ನು. ಮೆಣಸು ಎಷ್ಟು ತಿಂದರೂ ಅದು ಬರುವುದಿಲ್ಲ. ಆದರೆ ಹೆಂಪ್ ಸಾರದ ಮಾತು ಬೇರೆ: ಅದರಲ್ಲಿ ಉಳಿದಿರುವ ಚೂರುಪಾರು ಟಿಎಚ್‌ಸಿಯೇ ಪಾಸಿಟಿವ್ ತೋರಿಸಲು ಸಾಕಾಗಬಹುದು. ರಿಪೋರ್ಟ್‌ನಲ್ಲಿ ಆ ಸಾಲನ್ನೂ ನೋಡಿ.

ಹಬೆಗಂಜಿ:
ಕುದಿಬಿಂದು ಸುಮಾರು 262 ಡಿಗ್ರಿ. 130 ಕೂಡ ಸುಳ್ಳಲ್ಲ, ಆದರೆ ಅದು ಪಾದರಸದ 14 ಮಿಲಿಮೀಟರ್ ಒತ್ತಡದಲ್ಲಿ, ಅಂದರೆ ಗಾಳಿ ಎಳೆದ ಪಾತ್ರೆಯಲ್ಲಿ ಅಳೆದದ್ದು. ಚಾರ್ಟ್ ಮಾಡಿದವರು ಒತ್ತಡದ ಅಂಕಿ ಬಿಟ್ಟು ಡಿಗ್ರಿ ಮಾತ್ರ ಎತ್ತಿಕೊಂಡಿದ್ದಾರೆ, ಉಳಿದವರು ಅದನ್ನೇ ನಕಲು ಹೊಡೆದಿದ್ದಾರೆ.

ಹಾಗಂತ 262 ಆಗುವ ತನಕ ಹಾರುವುದೇ ಇಲ್ಲ ಅಂದುಕೊಳ್ಳಬೇಡಿ. ನೀರಿನ ಜೊತೆ ಕುದಿಸಿದರೆ ಹಬೆಯೊಂದಿಗೆ 100 ಡಿಗ್ರಿಯೊಳಗೇ ಏಳುತ್ತದೆ. ಮೆಣಸಿನ ಎಣ್ಣೆ ಬಟ್ಟಿ ಇಳಿಸುವುದೇ ಹೀಗೆ. ಸಾರು ಕುದಿಯುವಾಗ ಮೊದಲು ಹೋಗುವುದು ಪೈನೀನ್, ಲಿಮೊನೀನ್‌ನಂಥ ಹಗುರದವು. ಕ್ಯಾರಿಯೋಫಿಲೀನ್ ನಿಧಾನಕ್ಕೆ ಹೋಗುತ್ತದೆ. ಹಗುರದವೂ ಉಳಿಯಲಿ ಅಂತಲೇ ಕುಟ್ಟಿದ ಮೆಣಸನ್ನು ಒಲೆ ಆರಿಸುವಾಗ ಹಾಕಿ ಮುಚ್ಚಬೇಕು.

ಮೆಣಸಿನಬಳ್ಳಿ:
ಹಾಗಾದರೆ ಮೆಣಸು ತಿಂದೇ ಆ 5 ಮಿಗ್ರಾಂ ಲೆಕ್ಕ ಮುಟ್ಟಬಹುದಾ?

ಬಟ್ಟಿಪಾತ್ರೆ:
ಲೆಕ್ಕ ಹಾಕಿ ನೋಡಿ. ಇಲಿಯ ಪ್ರಮಾಣವನ್ನು ಮನುಷ್ಯರಿಗೆ ಇಳಿಸಲು 12.3ರಿಂದ ಭಾಗಿಸುತ್ತಾರೆ: ಕೆಜಿಗೆ 0.4 ಮಿಗ್ರಾಂ, 60 ಕೆಜಿಯವರಿಗೆ 24 ಮಿಗ್ರಾಂ. ಮೆಣಸಿನಲ್ಲಿ ಎಣ್ಣೆ 2.5%, ಅದರಲ್ಲಿ ಕ್ಯಾರಿಯೋಫಿಲೀನ್ 20% ಅಂತ ಹಿಡಿದರೆ ಗ್ರಾಂಗೆ 5 ಮಿಗ್ರಾಂ. ಅಲ್ಲಿಗೆ ದಿನಕ್ಕೆ ಸುಮಾರು 5 ಗ್ರಾಂ ಪುಡಿ, ಎರಡು ಟೀ ಚಮಚ. ತಳಿ, ಒಣಗಿಸಿದ ರೀತಿ ನೋಡಿಕೊಂಡು ಇದು ದುಪ್ಪಟ್ಟೂ ಆಗಬಹುದು, ಅರ್ಧವೂ ಆಗಬಹುದು. ಅಷ್ಟು ತಿಂದರೆ ಊತ ಇಳಿಯುವ ಮೊದಲೇ ಮೆಣಸಿನ ಖಾರದ ವಸ್ತು ಪೈಪರಿನ್ ಹೊಟ್ಟೆ ಉರಿಸುತ್ತದೆ. ಅದಲ್ಲದೆ ಪೈಪರಿನ್ ಕೆಲವು ಔಷಧಿಗಳು ಒಡೆಯುವುದನ್ನು ನಿಧಾನ ಮಾಡಿ ರಕ್ತದಲ್ಲಿ ಅವುಗಳ ಮಟ್ಟ ಏರಿಸುತ್ತದೆ. 12.3 ಇರುವುದು ಪ್ರಯೋಗ ಶುರು ಮಾಡುವವರ ಅಂದಾಜಿಗೆ, ಮನೆಮದ್ದಿಗಲ್ಲ.

ಸೀಸೆಮುಚ್ಚಳ:
ಎಲ್ಲರೂ ಆಕ್ಸೈಡ್ ಸಾಲು ಬಿಟ್ಟುಬಿಟ್ಟಿರಿ. ಕ್ಯಾರಿಯೋಫಿಲೀನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಆಗುವುದು ಅದು. 0.31ಕ್ಕೆ 0.24 ಅಂದರೆ ಮಾಲು ಹಳೆಯದು, ಇಲ್ಲವೇ ಗಾಳಿಗೆ ಬಿಟ್ಟದ್ದು ಅಂತ ಮೊದಲು ಅನುಮಾನ ಪಡಬೇಕು. ಕ್ಯಾರಿಯೋಫಿಲೀನ್‌ನ ಒಂಬತ್ತು ಇಂಗಾಲದ ಉಂಗುರದಲ್ಲಿ ಎಳೆದು ಕಟ್ಟಿದಂತಿರುವ ಒಂದು ಜೋಡಿಬಂಧ ಇದೆ. ಆಮ್ಲಜನಕ ಮೊದಲು ಬಂದು ಹಿಡಿಯುವುದು ಅಲ್ಲೇ. ಪೊಲೀಸ್ ನಾಯಿಗಳು ಗಾಂಜಾ ಗುರುತಿಸಲು ಹಿಡಿಯುವ ವಾಸನೆ ಈ ಆಕ್ಸೈಡ್‌ನದು ಎನ್ನುತ್ತಾರೆ. ಆದರೆ ಗೆರ್ಟ್ಶ್ ತಂಡದ ಅಳತೆಯಲ್ಲಿ ಇದು ಸಿಬಿ2ಗೆ ಅಂಟಲಿಲ್ಲ. ಹಾಗಾಗಿ ಎರಡನ್ನೂ ಕೂಡಿಸಿ “ಒಟ್ಟು ಕ್ಯಾರಿಯೋಫಿಲೀನ್ 0.55%” ಅಂತ ಮಾರುವವರನ್ನು ನಂಬಬೇಡಿ.

ರಿಪೋರ್ಟ್‌ನ ತಾರೀಖಿಗೂ ಬ್ಯಾಚ್ ತಾರೀಖಿಗೂ ಎಷ್ಟು ಅಂತರ ಇದೆ ನೋಡಿ. ಇಡುವುದಾದರೆ ಕಂದು ಗಾಜಿನ ಚಿಕ್ಕ ಸೀಸೆ, ಕಂಠದ ತನಕ ತುಂಬಿ, ಫ್ರಿಜ್ಜಿನಲ್ಲಿ. ರಬ್ಬರ್ ಬುರುಡೆಯ ಡ್ರಾಪರ್ ಹಾಕಿ ಮುಚ್ಚಿಡಬೇಡಿ. ಟರ್ಪೀನ್ ಆವಿಗೆ ರಬ್ಬರ್ ಉಬ್ಬಿ ಅಂಟಂಟಾಗುತ್ತದೆ, ಆಮೇಲೆ ಆ ಸಂದಿನಿಂದಲೇ ಗಾಳಿ ಒಳಗೆ ಹೋಗುತ್ತದೆ.